ಬಯಲುಸೀಮೆಯ ಪ್ಲಾಸ್ಟಿಕ್, ಕಡಲಿನ ಮೀನು, ಕೆರೆಯ ಮೀನು: ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಸೇರಿವೆ. ಇಲ್ಲಿಂದ ಪೂರ್ವಕ್ಕೆ ಬಂಗಾಳಕೊಲ್ಲಿಯೂ ಪಶ್ಚಿಮಕ್ಕೆ ಅರಬ್ಬೀ ಸಮುದ್ರವೂ ನೂರಾರು ಕಿಲೋಮೀಟರ್ ದೂರ. ಆದ್ದರಿಂದ ಸಮುದ್ರದ ಪ್ಲಾಸ್ಟಿಕ್ ಮಾಲಿನ್ಯವು ಕರಾವಳಿಯವರ ಸಮಸ್ಯೆ ಎಂಬ ಭಾವನೆ ಸಹಜವಾಗಿಯೇ ಇದೆ. ಆದರೆ ಸಂತೆಯಲ್ಲಿ ಕೊಂಡ ಒಣಮೀನು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬರುವ ಬಂಗುಡೆ ಹಾಗೂ ಮೀನನ್ನು ಮುಟ್ಟದವರ ಮನೆಯಲ್ಲಿಯೂ ಇರುವ ಉಪ್ಪು, ಈ ಮೂರೂ ಸಮುದ್ರದಿಂದಲೇ ಬರತಕ್ಕವು. ಇಲ್ಲಿಯ ಹಳ್ಳಗಳಿಗೆ ಎಸೆದ ಪ್ಲಾಸ್ಟಿಕ್ ಎಲ್ಲಿಗೆ ಹೋಗುತ್ತದೆ ಎಂಬುದು ಇದರ ಇನ್ನೊಂದು ಮುಖ. ಮೀನು ಮಾರಾಟದ ಪರವಾನಗಿ, ಕೆರೆಗಳ ಮೀನು ಪಾಶುವಾರು ಹಕ್ಕು, ಉದ್ದಿಮೆ ಪರವಾನಗಿ ಮುಂತಾದವುಗಳಿಗೆ ಅರ್ಜಿ ಸಲ್ಲಿಸುವವರಿಗೆ ಈ ವಿಷಯವು ನೇರವಾಗಿ ಸಂಬಂಧಿಸಿದೆ.

2025ರ ಹಡಗು ದುರಂತ ಮತ್ತು ಜನರ ಆತಂಕ

ದಿನಾಂಕ 25-05-2025ರಂದು ಲೈಬೀರಿಯಾ ಧ್ವಜದ ಎಂಎಸ್‌ಸಿ ಎಲ್ಸಾ 3 ಎಂಬ ಸರಕು ಹಡಗು ಕೊಚ್ಚಿ ಸಮೀಪದ ಸಮುದ್ರದಲ್ಲಿ ಮುಳುಗಿತು. ಹಡಗಿನಲ್ಲಿ 640 ಕಂಟೇನರುಗಳಿದ್ದವು. ಅವುಗಳಲ್ಲಿ ಕೆಲವು ಒಡೆದು, ಪ್ಲಾಸ್ಟಿಕ್ ವಸ್ತುಗಳ ತಯಾರಿಕೆಗೆ ಕಚ್ಚಾ ಸಾಮಗ್ರಿಯಾದ ಸಣ್ಣ ಪ್ಲಾಸ್ಟಿಕ್ ಕಾಳುಗಳ ಚೀಲಗಳು ಕೇರಳದ ತೀರದುದ್ದಕ್ಕೂ, ವಿಶೇಷವಾಗಿ ತಿರುವನಂತಪುರದ ಕಡೆಗೆ, ತೇಲಿ ಬಂದವು. ಹೆಸರುಕಾಳಿನಷ್ಟು ಗಾತ್ರದ ಈ ಬಿಳಿಯ ಕಾಳುಗಳು ಮರಳಿನೊಡನೆ ಬೆರೆತರೆ ಆರಿಸಿ ತೆಗೆಯುವುದು ಬಹುತೇಕ ಅಸಾಧ್ಯ. ಇದಕ್ಕೆ 4 ವರ್ಷ ಮೊದಲು, 2021ರಲ್ಲಿ, ಕೊಲಂಬೋ ಸಮೀಪ ಎಕ್ಸ್‌ಪ್ರೆಸ್ ಪರ್ಲ್ ಎಂಬ ಹಡಗು ಹೊತ್ತಿ ಮುಳುಗಿದಾಗ ಸುಮಾರು 1,680 ಟನ್ ಇಂತಹುದೇ ಕಾಳುಗಳು ಶ್ರೀಲಂಕಾದ ತೀರಕ್ಕೆ ಬಂದಿದ್ದವು.

ಎಲ್ಸಾ ದುರಂತದ ನಂತರ ಕೇರಳದಲ್ಲಿ ಮೀನು ಕೊಳ್ಳಲು ಜನರು ಹಿಂಜರಿದರು. ಕರಾವಳಿ ಮೀನು ಬರುವ ಊರುಗಳಲ್ಲೆಲ್ಲ ಅದೇ ಪ್ರಶ್ನೆ ಎದ್ದಿತು: ಈ ಮೀನು ತಿನ್ನಬಹುದೇ? ಪ್ರಶ್ನೆ ನ್ಯಾಯವಾದದ್ದು. ಆದರೆ ಒಂದು ಹಡಗು ಮುಳುಗಿದಾಗ ಮಾತ್ರ ಈ ಪ್ರಶ್ನೆ ಕೇಳುವುದು ಸರಿಯಲ್ಲ. ಹಡಗು ಮುಳುಗದ ವರ್ಷಗಳಲ್ಲಿಯೂ ಪ್ಲಾಸ್ಟಿಕ್ ಸಮುದ್ರ ಸೇರುತ್ತಲೇ ಇದೆ. 2015ರಲ್ಲಿ ಪ್ರಕಟವಾದ ಪ್ರಸಿದ್ಧ ಅಂದಾಜಿನಂತೆ 2010ನೇ ಒಂದೇ ವರ್ಷದಲ್ಲಿ ಭೂಮಿಯಿಂದ ಸಮುದ್ರಕ್ಕೆ ಹೋದ ಪ್ಲಾಸ್ಟಿಕ್ ತ್ಯಾಜ್ಯವು 48 ಲಕ್ಷ ಟನ್‌ಗಳಿಂದ 1 ಕೋಟಿ 27 ಲಕ್ಷ ಟನ್‌ಗಳವರೆಗೆ ಇತ್ತು. ಅದರ ಮುಂದೆ ಹಡಗಿನ ಲೆಕ್ಕ ಚಿಕ್ಕದು.

ಮೀನಿನೊಳಗೆ ಪ್ಲಾಸ್ಟಿಕ್ ಸೇರುವ ಬಗೆ

ಪ್ಲಾಸ್ಟಿಕ್ ಕೊಳೆಯುವುದಿಲ್ಲ. ಬಿಸಿಲು, ಅಲೆ ಮತ್ತು ಮರಳಿನ ಉಜ್ಜುವಿಕೆಯಿಂದ ಪುಡಿಯಾಗುತ್ತದೆ. 5 ಮಿಲಿಮೀಟರ್‌ಗಿಂತ ಚಿಕ್ಕದಾದ ಇಂತಹ ತುಣುಕುಗಳನ್ನು ಸೂಕ್ಷ್ಮ ಪ್ಲಾಸ್ಟಿಕ್ ಎಂದು ಕರೆಯಲಾಗುತ್ತದೆ. ಸಮುದ್ರದ ಈ ತುಣುಕುಗಳಿಗೆ ಆ ಹೆಸರು ರೂಢಿಗೆ ಬಂದದ್ದು 2004ರಲ್ಲಿ, ಬ್ರಿಟನ್ನಿನ ಸಮುದ್ರ ವಿಜ್ಞಾನಿ ರಿಚರ್ಡ್ ಥಾಂಪ್ಸನ್ ಮತ್ತು ಸಂಗಡಿಗರ ಪ್ರಬಂಧದ ನಂತರ. ಇದು ಕೇವಲ ಹಾಳೆ ಚೀಲದ ಚೂರಲ್ಲ. ಬಟ್ಟೆ ಒಗೆದಾಗ ಬಿಡುವ ಪಾಲಿಯೆಸ್ಟರ್ ಎಳೆ, ರಸ್ತೆಯಲ್ಲಿ ಸವೆಯುವ ಟೈರಿನ ಪುಡಿ, ಹಳೆಯ ನೈಲಾನ್ ಬಲೆಯ ನಾರು, ಥರ್ಮೋಕೋಲ್‌ನ ಕಾಳು ಎಲ್ಲವೂ ಇದರಲ್ಲಿ ಸೇರಿವೆ. ಚಳ್ಳಕೆರೆಯ ಕರಿಕಂಬಳಿ ಸವೆದರೆ ಉಣ್ಣೆಯಾಗಿ ಮಣ್ಣು ಸೇರುತ್ತದೆ, ಮೊಳಕಾಲ್ಮೂರಿನ ರೇಷ್ಮೆಯೂ ಹಾಗೆಯೇ. ಅವುಗಳ ಜಾಗಕ್ಕೆ ಬಂದ ಅಗ್ಗದ ಕೃತಕ ನೂಲಿನ ಹೊದಿಕೆ ಮತ್ತು ಸೀರೆಗಳು ಹಾಗಲ್ಲ.

ಮೀನುಗಳು ಈ ತುಣುಕುಗಳನ್ನು ಆಹಾರವೆಂದು ತಿಳಿದು ನುಂಗುತ್ತವೆ, ಅಥವಾ ಪ್ಲಾಸ್ಟಿಕ್ ತಿಂದ ಸಣ್ಣ ಜೀವಿಗಳನ್ನು ತಿನ್ನುವುದರ ಮೂಲಕ ಪಡೆಯುತ್ತವೆ. ನುಂಗಿದ ತುಣುಕುಗಳಲ್ಲಿ ಹೆಚ್ಚಿನವು ಮೀನಿನ ಹೊಟ್ಟೆ ಮತ್ತು ಕರುಳಿನಲ್ಲಿಯೇ ಇರುತ್ತವೆ. ಮಾಂಸಖಂಡಕ್ಕೆ ಹೋಗುವ ಪ್ರಮಾಣ ಕಡಿಮೆ. ಅಡುಗೆಮನೆಯ ಮಟ್ಟಿಗೆ ಅತಿ ಮುಖ್ಯವಾದ ಸಂಗತಿ ಇದೇ ಆಗಿದೆ. ಬಂಗುಡೆ, ಕಾಟ್ಲಾ, ರೋಹು ಮುಂತಾದ ಮೀನುಗಳನ್ನು ಹೊಟ್ಟೆ ಸೀಳಿ, ಕರುಳು ತೆಗೆದು, ಚೆನ್ನಾಗಿ ತೊಳೆದು ಬೇಯಿಸುವ ರೂಢಿಯಿರುವಲ್ಲಿ ಪ್ಲಾಸ್ಟಿಕ್‌ನ ಬಹುಭಾಗ ಕರುಳಿನೊಡನೆ ಹೊರಗೆ ಹೋಗುತ್ತದೆ. ಇಡಿಯಾಗಿ ತಿನ್ನುವ ಸಣ್ಣ ಮೀನು, ಸೀಗಡಿ ಮತ್ತು ಚಿಪ್ಪುಮೀನುಗಳಲ್ಲಿ ಹಾಗಾಗುವುದಿಲ್ಲ.

ಬಯಲುಸೀಮೆಯವರು ಗಮನಿಸಬೇಕಾದದ್ದು ಇಲ್ಲಿಯೇ. ದೂರದ ಊರುಗಳಿಗೆ ಹಿಂದಿನಿಂದಲೂ ಬರುತ್ತಿದ್ದ ಕಡಲ ಆಹಾರವೆಂದರೆ ಒಣಮೀನು. ಅದರಲ್ಲಿಯೂ ಬಡವರ ಕೈಗೆ ಎಟಕುವುದು ಸಣ್ಣ ಮೀನು ಮತ್ತು ಒಣ ಸೀಗಡಿ. ಇವನ್ನು ಕರುಳು ತೆಗೆಯದೆಯೇ ಒಣಗಿಸುವುದರಿಂದ ಮೀನು ನುಂಗಿದ್ದೆಲ್ಲವೂ ಅದರಲ್ಲಿಯೇ ಉಳಿಯುತ್ತದೆ. ಬಯಲಿನಲ್ಲಿ, ಹಳೆಯ ಬಲೆ ಅಥವಾ ಪ್ಲಾಸ್ಟಿಕ್ ಹಾಳೆಯ ಮೇಲೆ ಒಣಗಿಸಿದ್ದಲ್ಲಿ ಹೊರಗಿನಿಂದಲೂ ಎಳೆ ಮತ್ತು ಧೂಳು ಅಂಟಿಕೊಳ್ಳುತ್ತವೆ. ಹಾಗೆಂದು ಒಣಮೀನನ್ನು ಬಿಡಬೇಕೆಂದು ಹೇಳಲು ಆಧಾರವಿಲ್ಲ. ಮಾಂಸ, ಮೊಟ್ಟೆ, ಹಾಲುಗಳನ್ನು ದಿನವೂ ಕೊಳ್ಳಲಾರದ ಮನೆಗಳಿಗೆ ಅದು ಅಗ್ಗದ ಪೌಷ್ಟಿಕ ಆಹಾರ. ಅಡುಗೆಗೆ ಮೊದಲು ತಲೆ ಮತ್ತು ಹೊಟ್ಟೆಯ ಭಾಗವನ್ನು ಚಿವುಟಿ ತೆಗೆಯುವುದು, ಬಿಸಿನೀರಿನಲ್ಲಿ ನೆನೆಸಿ ಎರಡು ಮೂರು ಸಲ ತೊಳೆದು ಆ ನೀರನ್ನು ಚೆಲ್ಲುವುದು ಸಾಕಷ್ಟು ಪ್ರಯೋಜನಕಾರಿ. ಹೀಗೆ ಮಾಡುವುದರಿಂದ ಹೆಚ್ಚುವರಿ ಉಪ್ಪೂ ಹೋಗುತ್ತದೆ. ರಕ್ತದ ಒತ್ತಡ ಇರುವವರಿಗೆ ಪ್ಲಾಸ್ಟಿಕ್‌ಗಿಂತ ಆ ಉಪ್ಪೇ ಹೆಚ್ಚು ತಕ್ಷಣದ ಅಪಾಯ ಎಂಬುದನ್ನು ಮರೆಯಬಾರದು.

ಆರೋಗ್ಯದ ಬಗ್ಗೆ ಇದುವರೆಗೆ ತಿಳಿದಿರುವುದು

ಮನುಷ್ಯನ ರಕ್ತದಲ್ಲಿ ಪ್ಲಾಸ್ಟಿಕ್ ಕಣಗಳಿರುವುದನ್ನು 2022ರಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಪ್ರಕಟಿಸಿದರು. ಪರೀಕ್ಷಿಸಲಾದ 22 ಜನರ ಪೈಕಿ 17 ಜನರ ರಕ್ತದಲ್ಲಿ ಅವು ಕಂಡುಬಂದಿದ್ದವು. 2024ರಲ್ಲಿ ಇಟಲಿಯ ವೈದ್ಯರು, ಕುತ್ತಿಗೆಯ ರಕ್ತನಾಳದ ಶಸ್ತ್ರಚಿಕಿತ್ಸೆಗೆ ಒಳಗಾದ 257 ರೋಗಿಗಳನ್ನು ಸುಮಾರು 3 ವರ್ಷಗಳ ಕಾಲ ಗಮನಿಸಿದ ವಿವರವನ್ನು ಪ್ರಕಟಿಸಿದರು. ಅವರಲ್ಲಿ 150 ಜನರ ರಕ್ತನಾಳದ ಕೊಬ್ಬಿನ ಪದರದಲ್ಲಿ ಪಾಲಿಥೀನ್ ಕಣಗಳಿದ್ದು, ಆ ಗುಂಪಿನಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಅಪಾಯವು ಉಳಿದವರಿಗಿಂತ ಸುಮಾರು ನಾಲ್ಕೂವರೆ ಪಟ್ಟು ಹೆಚ್ಚಿತ್ತು. ಇದು ಎರಡು ಸಂಗತಿಗಳು ಒಟ್ಟಿಗೆ ಕಂಡವು ಎಂಬುದನ್ನು ಮಾತ್ರ ಹೇಳುತ್ತದೆ. ಪ್ಲಾಸ್ಟಿಕ್‌ನಿಂದಲೇ ರೋಗ ಬಂದಿತೆಂದು ಸಿದ್ಧಪಡಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಕುಡಿಯುವ ನೀರಿನ ಬಗ್ಗೆ 2019ರಲ್ಲಿ, ಆಹಾರ ಮತ್ತು ಗಾಳಿಯ ಬಗ್ಗೆ 2022ರಲ್ಲಿ ಹೊರತಂದ ವರದಿಗಳಲ್ಲಿಯೂ ಖಚಿತ ತೀರ್ಮಾನಕ್ಕೆ ಬರಲು ಮಾಹಿತಿ ಸಾಲದೆಂದೇ ತಿಳಿಸಿದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2024ರಲ್ಲಿ ಲಖನೌ, ಕೊಚ್ಚಿ ಮುಂತಾದೆಡೆಗಳ ಸಂಶೋಧನಾ ಸಂಸ್ಥೆಗಳೊಡನೆ ಸೇರಿ, ಆಹಾರದಲ್ಲಿನ ಸೂಕ್ಷ್ಮ ಪ್ಲಾಸ್ಟಿಕ್ ಅಳೆಯುವ ವಿಧಾನಗಳನ್ನು ರೂಪಿಸುವ ಯೋಜನೆಯನ್ನು ಕೈಗೊಂಡಿತು. ಅಳೆಯುವ ಒಪ್ಪಿತ ವಿಧಾನವೇ ಇಲ್ಲದಿರುವಾಗ "ನಮ್ಮ ಮೀನು ಪ್ಲಾಸ್ಟಿಕ್‌ಮುಕ್ತ" ಎಂದು ಯಾವ ವ್ಯಾಪಾರಿಯಾದರೂ ಫಲಕ ಹಾಕಿದಲ್ಲಿ ಅದನ್ನು ನಂಬತಕ್ಕದ್ದಲ್ಲ.

ಮೀನು ತಿನ್ನದವರಿಗೆ ಈ ಚಿಂತೆ ಇಲ್ಲವೆಂದು ತಿಳಿಯುವುದೂ ತಪ್ಪು. ಬಯಲುಸೀಮೆಯ ಒಣ ಭಾಗಗಳಲ್ಲಿ ಒಂದು ಕಾಲಕ್ಕೆ ಉಪ್ಪಾರರು ಸೌಳು ಮಣ್ಣಿನಿಂದ ಉಪ್ಪು ತೆಗೆಯುತ್ತಿದ್ದರು. ಆ ಕಸುಬು ಹೋಗಿ ಬಹುಕಾಲವಾಯಿತು. ಈಗ ಮನೆಮನೆಗೂ ಬರುವುದು ಹೆಚ್ಚಾಗಿ ಕಡಲಿನ ಉಪ್ಪು. ಟಾಕ್ಸಿಕ್ಸ್ ಲಿಂಕ್ ಎಂಬ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರೀಕ್ಷೆಗೆ ಒಳಪಡಿಸಿದ 10 ಬಗೆಯ ಉಪ್ಪುಗಳೆಲ್ಲದರಲ್ಲಿಯೂ ಸೂಕ್ಷ್ಮ ಪ್ಲಾಸ್ಟಿಕ್ ಕಂಡುಬಂದಿದ್ದು, ಪ್ರಮಾಣವು ಕಿಲೋ ಒಂದಕ್ಕೆ 6.71ರಿಂದ 89.15 ತುಣುಕುಗಳಷ್ಟಿತ್ತು. ಸಕ್ಕರೆಯ 5 ಮಾದರಿಗಳಲ್ಲಿಯೂ ಅವು ಇದ್ದವು. ಅದೇ ವರ್ಷ ಅಮೆರಿಕದ ವಿಜ್ಞಾನಿಗಳು ಅಂಗಡಿಯ ಬಾಟಲಿ ನೀರಿನಲ್ಲಿ ಲೀಟರಿಗೆ ಸರಾಸರಿ 2.4 ಲಕ್ಷ ಪ್ಲಾಸ್ಟಿಕ್ ಕಣಗಳಿರುವುದನ್ನು ಎಣಿಸಿದರು. ಅವುಗಳಲ್ಲಿ ಬಹುಪಾಲು ಕಣ್ಣಿಗೆ ಕಾಣದಷ್ಟು ಅತಿ ಸೂಕ್ಷ್ಮ ಕಣಗಳು. ಮೀನಿಗೆ ಹೆದರಿ ಬಾಟಲಿ ನೀರು ಕುಡಿಯುವವರು ಇದನ್ನು ಗಮನಿಸುವುದು ಒಳ್ಳೆಯದು.

ವೇದಾವತಿಯಿಂದ ಕಡಲಿಗೆ

ಚಳ್ಳಕೆರೆಯ ಕಸ ಕಡಲು ಸೇರುತ್ತದೆಯೇ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನ ಉತ್ತರ ಕೊಡುವುದು ಪ್ರಾಮಾಣಿಕವಾಗದು. ವೇದಾವತಿ ನದಿಯು ಹಿರಿಯೂರಿನ ವಾಣಿವಿಲಾಸ ಸಾಗರದಿಂದ ಇಳಿದು ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರ ಭಾಗದ ಮೂಲಕ ಆಂಧ್ರಪ್ರದೇಶದ ಭೈರವಾನಿತಿಪ್ಪ ಜಲಾಶಯವನ್ನು ತಲುಪುತ್ತದೆ. ಮುಂದೆ ಹಗರಿ ಎಂಬ ಹೆಸರಿನಲ್ಲಿ ಬಳ್ಳಾರಿ ಜಿಲ್ಲೆಯನ್ನು ಹಾದು ತುಂಗಭದ್ರೆಯನ್ನು ಸೇರುತ್ತದೆ. ತುಂಗಭದ್ರೆ ಕೃಷ್ಣೆಯನ್ನು, ಕೃಷ್ಣೆ ಬಂಗಾಳಕೊಲ್ಲಿಯನ್ನು ಸೇರುತ್ತವೆ. ನಕ್ಷೆಯಲ್ಲಿ ದಾರಿ ಇದೆ. ಆದರೆ ಆ ದಾರಿಯಲ್ಲಿ ಭೈರವಾನಿತಿಪ್ಪ, ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡದ ಪ್ರಕಾಶಂ ಬ್ಯಾರೇಜ್ ಹೀಗೆ ಒಂದರ ಹಿಂದೆ ಒಂದು ತಡೆಗಳಿವೆ. ನದಿಯೇ ವರ್ಷದ ಹೆಚ್ಚಿನ ಕಾಲ ಮರಳು ಮಾತ್ರ.

ಕಡಲಿಗೆ ಹೋಗುವ ಪ್ಲಾಸ್ಟಿಕ್‌ನಲ್ಲಿ ಬಹುಪಾಲು ಕೆಲವೇ ಮಹಾನದಿಗಳಿಂದ ಬರುತ್ತದೆಂದು ಹಿಂದೆ ಭಾವಿಸಲಾಗಿತ್ತು. 2021ರಲ್ಲಿ ಪ್ರಕಟವಾದ ಅಧ್ಯಯನವು, ನದಿಗಳ ಮೂಲಕ ಹೋಗುವ ಪ್ಲಾಸ್ಟಿಕ್‌ನ ಶೇಕಡ 80 ಭಾಗಕ್ಕೆ ಸಾವಿರಕ್ಕೂ ಹೆಚ್ಚು ನದಿಗಳು ಕಾರಣವೆಂದೂ, ಅವುಗಳಲ್ಲಿ ಪಟ್ಟಣಗಳ ನಡುವೆ ಹರಿದು ಬೇಗನೆ ಕಡಲು ಸೇರುವ ಸಣ್ಣ ನದಿಗಳ ಪಾಲು ದೊಡ್ಡದೆಂದೂ ತಿಳಿಸಿತು. ಈ ಲೆಕ್ಕದಲ್ಲಿ ಕಡಲಿನಿಂದ ದೂರವಿರುವ, ಮಳೆ ಕಡಿಮೆಯಿರುವ ಚಳ್ಳಕೆರೆಯ ಪಾಲು ಬಹಳ ಚಿಕ್ಕದು. ವಿಶ್ವ ಬ್ಯಾಂಕ್ ನೆರವಿನ ಕೆ-ಶೋರ್ ಯೋಜನೆಯನ್ನು ರಾಜ್ಯ ಸರ್ಕಾರವು ಕರಾವಳಿಯ ಮೂರು ಜಿಲ್ಲೆಗಳಿಗಾಗಿ ರೂಪಿಸಿರುವುದಕ್ಕೂ ಇದೇ ತರ್ಕ.

ಆದರೆ ಕಡಲು ಸೇರದ ಪ್ಲಾಸ್ಟಿಕ್ ಮಾಯವಾಗುವುದಿಲ್ಲ. ಅದು ಇಲ್ಲಿಯೇ ಉಳಿಯುತ್ತದೆ. ಬಯಲುಸೀಮೆಯ ಮಟ್ಟಿಗೆ ಹೆಚ್ಚು ಗಂಭೀರವಾದ ಸಂಗತಿ ಇದೇ. ಹರಿಯುವ ನದಿಯಾದರೆ ಪ್ರತಿ ಮಳೆಗಾಲಕ್ಕೂ ಕಸವನ್ನು ಕೊಚ್ಚಿಕೊಂಡು ಹೋದೀತು. ಇಲ್ಲಿಯ ಹಳ್ಳಗಳಲ್ಲಿ ಅದು ಹಲವು ವರ್ಷ ಬಿದ್ದಿದ್ದು, ಬಿರುಬಿಸಿಲಿಗೆ ಮುಟ್ಟಿದರೆ ಪುಡಿಯಾಗುವಷ್ಟು ಬೆಂದು, ನೀರು ಬಂದ ವರ್ಷ ಒಮ್ಮೆಲೇ ಇಳಿಯುತ್ತದೆ. 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವು 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ. 2025ರ ಜನವರಿಯಲ್ಲಿ ಮತ್ತೆ ತುಂಬಿತು. 89 ವರ್ಷಗಳ ನಂತರ ಬಂದ ಆ ನೀರನ್ನು ನೋಡಲು ಜನರು ದೂರದಿಂದ ಬಂದಿದ್ದರು. ನೀರು ಬರುವ ಮೊದಲು ನದಿಯ ಪಾತ್ರದಲ್ಲಿ ಬಿದ್ದಿದ್ದ ಕಸ ಎಲ್ಲಿಗೆ ಹೋಯಿತೆಂದು ಕೇಳಿದವರು ಕಡಿಮೆ. ನದಿಗೆ ಅಡ್ಡಲಾಗಿ ಕಟ್ಟಿದ ಬ್ಯಾರೇಜುಗಳ ಹಿಂದೆ ಮತ್ತು ಕೆರೆಗಳ ಹೂಳಿನಲ್ಲಿ ಅದರ ಬಹುಭಾಗ ನಿಲ್ಲುತ್ತದೆ.

ಕೆರೆಯ ಮೀನು ಮತ್ತು ಪಾಶುವಾರು ಹಕ್ಕು

ಕೆರೆ ತುಂಬಿದ ವರ್ಷ ಮೀನು ಸಾಕಣೆ ಚುರುಕಾಗುತ್ತದೆ. ಚಳ್ಳಕೆರೆ ತಾಲ್ಲೂಕಿನ ರಾಣಿಕೆರೆ, ಮೊಳಕಾಲ್ಮೂರು ತಾಲ್ಲೂಕಿನ ರಂಗಯ್ಯನದುರ್ಗ ಜಲಾಶಯ ಮುಂತಾದ ದೊಡ್ಡ ನೀರಿನ ತಾಣಗಳಷ್ಟೇ ಅಲ್ಲದೆ ಸಣ್ಣ ಕೆರೆಗಳಿಗೂ ಮೀನುಮರಿ ಬಿಡಲಾಗುತ್ತದೆ. ಕಾಟ್ಲಾ ನೀರಿನ ಮೇಲ್ಭಾಗದಲ್ಲಿ, ರೋಹು ನಡುವಿನಲ್ಲಿ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ ಮೇಯುತ್ತವೆ. ಇವೆಲ್ಲವನ್ನೂ ಒಟ್ಟಿಗೆ ಬಿಡುವುದರ ಉದ್ದೇಶವೇ ಕೆರೆಯ ಎಲ್ಲ ಪದರದ ಆಹಾರವೂ ಬಳಕೆಯಾಗಲಿ ಎಂಬುದು. ಪ್ಲಾಸ್ಟಿಕ್ ಕೂಡ ಹಾಗೆಯೇ ಪದರಗಳಲ್ಲಿ ಹಂಚಿಕೊಳ್ಳುತ್ತದೆ. ಪಾಲಿಥೀನ್ ಮತ್ತು ಥರ್ಮೋಕೋಲ್ ತೇಲುತ್ತವೆ. ಬಾಟಲಿಯ ಪ್ಲಾಸ್ಟಿಕ್, ಪಿವಿಸಿ ಮತ್ತು ಬಲೆಯ ನೈಲಾನ್ ಮುಳುಗುತ್ತವೆ. ತಳದ ಹೂಳಿನಲ್ಲಿ ಬಾಯಿಯಿಟ್ಟು ಮೇಯುವ ಗೆಂಡೆ ಜಾತಿಯ ಮೀನುಗಳಿಗೆ ಮುಳುಗಿದ್ದು ಸಿಗುತ್ತದೆ. ಕೆರೆ ಬತ್ತುತ್ತ ಬಂದಂತೆ ನೀರು ಕುಗ್ಗಿ, ಮೀನು, ಹೂಳು ಮತ್ತು ಕಸ ಒಂದೇ ಮಡುವಿನಲ್ಲಿ ಸೇರುತ್ತವೆ. ಮೀನು ಹಿಡಿದು ಮುಗಿಸುವುದೂ ಆಗಲೇ.

ಆದುದರಿಂದ ಕೆರೆಯ ಮೀನು ಕಡಲಿನ ಮೀನಿಗಿಂತ ಶುದ್ಧ ಎಂಬ ಮಾತು ಎಲ್ಲ ಕೆರೆಗಳಿಗೂ ಅನ್ವಯಿಸುವುದಿಲ್ಲ. ಊರಿಗೆ ದೂರದ, ಅಡವಿಯ ನೀರು ಬರುವ ಕೆರೆಗೂ, ಪಟ್ಟಣದ ಚರಂಡಿ ಬಂದು ಸೇರುವ ಕೆರೆಗೂ ಅಜಗಜಾಂತರ ವ್ಯತ್ಯಾಸವಿದೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಕೆರೆಗಳನ್ನು ಕಟ್ಟಿಸಿದರೆಂಬ ಪ್ರತೀತಿ ಇದೆ. ಅವರ ಹೆಸರಿನ ಜಾತ್ರೆಗೆ ಬರುವ ಅಪಾರ ಜನಸಂದಣಿ ಬಿಟ್ಟುಹೋಗುವ ತಟ್ಟೆ, ಲೋಟ, ಚೀಲಗಳು ಗಾಳಿಗೆ ಹಾರಿ ಸೇರುವುದೂ ಅಂತಹ ತಗ್ಗುಗಳಿಗೇ. ದನ ಮತ್ತು ಕುರಿಗಳ ವಿಷಯ ಬೇರೆ ಹೇಳಬೇಕಾಗಿಲ್ಲ; ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಗಂಟು ಕಟ್ಟಿ ಸತ್ತ ದನವನ್ನು ನೋಡಿದ ರೈತರು ಅನೇಕರಿದ್ದಾರೆ.

ಕೆರೆಗಳ ಪಾಶುವಾರು ಹಕ್ಕಿಗೆ ಅರ್ಜಿ ಸಲ್ಲಿಸುವ ಮೀನುಗಾರರ ಸಹಕಾರ ಸಂಘಗಳು ಮತ್ತು ವ್ಯಕ್ತಿಗಳು, ಹಕ್ಕು ಪಡೆಯುವ ಮೊದಲು ಕೆರೆಗೆ ಯಾವ ಕಡೆಯಿಂದ ನೀರು ಬರುತ್ತದೆ, ಚರಂಡಿ ಅಥವಾ ಕಸದ ರಾಶಿ ಆ ದಾರಿಯಲ್ಲಿದೆಯೇ ಎಂಬುದನ್ನು ಖುದ್ದಾಗಿ ನೋಡಿಕೊಳ್ಳುವುದು ಉತ್ತಮ. ದೊಡ್ಡ ಕೆರೆಗಳ ಹಕ್ಕು ಮೀನುಗಾರಿಕೆ ಇಲಾಖೆಯ ಮೂಲಕವೂ, ಸಣ್ಣ ಕೆರೆಗಳ ಹಕ್ಕು ಗ್ರಾಮ ಪಂಚಾಯಿತಿಯ ಮೂಲಕವೂ ವಿಲೇವಾರಿಯಾಗುತ್ತದೆ. ಹರಿದ ನೈಲಾನ್ ಬಲೆಗಳನ್ನು ಏರಿಯ ಮೇಲೆ ಅಥವಾ ನೀರಿನಲ್ಲಿ ಬಿಟ್ಟುಹೋಗುವ ರೂಢಿಯನ್ನು ಮೀನುಗಾರರೇ ನಿಲ್ಲಿಸಬೇಕಾಗಿದೆ. ಬಿಟ್ಟ ಬಲೆ ನೀರಿನೊಳಗೆ ಮೀನನ್ನು ಕೊಲ್ಲುತ್ತಲೇ ಇರುತ್ತದೆ. ಅದರಿಂದಾಗುವ ನಷ್ಟ ಹಕ್ಕು ಪಡೆದವರದ್ದೇ.

ಕಾನೂನು: ದಪ್ಪದ ಬಗ್ಗೆ ಇರುವ ಗೊಂದಲ

ಪ್ಲಾಸ್ಟಿಕ್ ಕುರಿತ ನಿಯಮಗಳು ಬದಲಾಗುತ್ತ ಬಂದಿರುವುದರಿಂದ ವ್ಯಾಪಾರಿಗಳಲ್ಲಿ ಗೊಂದಲವಿರುವುದು ಸಹಜ. ಕೇಂದ್ರ ಸರ್ಕಾರದ ನಿಯಮದಲ್ಲಿ ಕೈಚೀಲದ ಕನಿಷ್ಠ ದಪ್ಪವು 1999ರಲ್ಲಿ 20 ಮೈಕ್ರಾನ್ ಇದ್ದದ್ದು 2011ರಲ್ಲಿ 40, 2016ರಲ್ಲಿ 50, ದಿನಾಂಕ 30-09-2021ರಿಂದ 75 ಹಾಗೂ 31-12-2022ರಿಂದ 120 ಮೈಕ್ರಾನ್ ಆಯಿತು. ಇದನ್ನು ಓದಿದ ಹಲವರು 120 ಮೈಕ್ರಾನ್ ಚೀಲವಾದರೆ ಅಡ್ಡಿಯಿಲ್ಲವೆಂದು ತಿಳಿದಿದ್ದಾರೆ. ಕರ್ನಾಟಕದಲ್ಲಿ ಹಾಗಲ್ಲ. ರಾಜ್ಯ ಸರ್ಕಾರವು ದಿನಾಂಕ 11-03-2016ರ ಅಧಿಸೂಚನೆಯ ಮೂಲಕ ಪ್ಲಾಸ್ಟಿಕ್ ಕೈಚೀಲವನ್ನು ದಪ್ಪ ಎಷ್ಟೇ ಇದ್ದರೂ ನಿಷೇಧಿಸಿದೆ. ತಟ್ಟೆ, ಲೋಟ, ಚಮಚ, ಊಟದ ಮೇಜಿನ ಹಾಳೆ, ಬ್ಯಾನರ್, ಬಂಟಿಂಗ್, ಫ್ಲೆಕ್ಸ್‌ಗಳೂ ಅದರಲ್ಲಿ ಸೇರಿವೆ. ಹಾಲಿನ ಪೊಟ್ಟಣ, ಸಸಿ ಬೆಳೆಸುವ ಚೀಲ, ತಯಾರಿಕೆಯ ಸ್ಥಳದಲ್ಲಿಯೇ ವಸ್ತುವಿಗೆ ಹಾಕುವ ಹೊದಿಕೆ ಮುಂತಾದವುಗಳಿಗೆ ವಿನಾಯಿತಿ ಇದೆ. ದಿನಾಂಕ 01-07-2022ರಿಂದ ಇಡೀ ದೇಶದಲ್ಲಿ ಏಕಬಳಕೆಯ ಕೆಲವು ವಸ್ತುಗಳು ನಿಷೇಧಕ್ಕೊಳಪಟ್ಟಿದ್ದು, ಅಲಂಕಾರದ ಥರ್ಮೋಕೋಲ್, ಐಸ್‌ಕ್ರೀಂ ಕಡ್ಡಿ, ಹೀರುಕೊಳವೆ, ಸಿಹಿತಿಂಡಿ ಪೆಟ್ಟಿಗೆಯ ಹೊದಿಕೆ ಹಾಳೆಗಳು ಅವುಗಳಲ್ಲಿ ಕೆಲವು.

ನಿಷೇಧವಿದ್ದೂ ಚೀಲಗಳು ಅಂಗಡಿಗಳಲ್ಲಿ ಸಿಗುತ್ತಿರುವುದು ಎಲ್ಲರಿಗೂ ಕಾಣುವ ಸತ್ಯ. ಆಗಾಗ್ಗೆ ನಡೆಯುವ ದಾಳಿಯಲ್ಲಿ ದಂಡ ತೆರುವವರು ಹೆಚ್ಚಾಗಿ ಬೀದಿಬದಿಯ ಸಣ್ಣ ವ್ಯಾಪಾರಿಗಳು. ಚೀಲ ತಯಾರಿಸುವವರು ಮತ್ತು ಸಗಟಾಗಿ ತರುವವರು ದೂರದಲ್ಲಿರುತ್ತಾರೆ. ತಯಾರಿಕೆಯ ಮಟ್ಟದಲ್ಲಿ ತಡೆ ಬೀಳದೆ ಸಂತೆಯಲ್ಲಿ ಮಾತ್ರ ಚೀಲ ಕಸಿದುಕೊಂಡರೆ ಫಲ ಅಲ್ಪ. ಈ ಟೀಕೆಯಲ್ಲಿ ಹುರುಳಿದೆ. ಪೊಟ್ಟಣದ ಪ್ಲಾಸ್ಟಿಕ್ ಬಳಸುವ ಉತ್ಪಾದಕರ ಮೇಲೆಯೇ ಅದನ್ನು ಮರಳಿ ಸಂಗ್ರಹಿಸುವ ಹೊಣೆ ಹೊರಿಸುವ ಮಾರ್ಗಸೂಚಿಗಳು 2022ರ ಫೆಬ್ರವರಿಯಲ್ಲಿ ಹೊರಬಂದದ್ದು ಈ ಕಾರಣದಿಂದಲೇ. ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯಲ್ಲಿ ಎಣ್ಣೆಯ ವ್ಯಾಪಾರ ತಗಡಿನ ಡಬ್ಬಿಯಿಂದ ಪ್ಲಾಸ್ಟಿಕ್ ಪೊಟ್ಟಣಕ್ಕೆ ಸರಿದಿರುವಾಗ ಈ ಮಾರ್ಗಸೂಚಿಗಳನ್ನು ಇಲ್ಲಿಯ ಉದ್ದಿಮೆದಾರರು ಓದಿಕೊಳ್ಳುವುದು ಅಗತ್ಯ.

ಅಂತರರಾಷ್ಟ್ರೀಯ ಮಟ್ಟದಲ್ಲಿ ಇನ್ನೂ ಒಪ್ಪಂದವಾಗಿಲ್ಲ. 2022ರ ಮಾರ್ಚ್‌ನಲ್ಲಿ ನೈರೋಬಿಯಲ್ಲಿ ಆರಂಭಕ್ಕೆ ನಿರ್ಣಯವಾದ ಮಾತುಕತೆಯು 2024ರ ಕೊನೆಗೆ ಬೂಸಾನ್‌ನಲ್ಲಿಯೂ, 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿಯೂ ಫಲ ಕಾಣದೆ ಮುಗಿಯಿತು. ಪ್ಲಾಸ್ಟಿಕ್ ಉತ್ಪಾದನೆಗೇ ಮಿತಿ ಹಾಕಬೇಕೇ ಅಥವಾ ಕಸದ ನಿರ್ವಹಣೆ ಸಾಕೇ ಎಂಬುದರಲ್ಲಿ ರಾಷ್ಟ್ರಗಳು ಒಮ್ಮತಕ್ಕೆ ಬರಲಿಲ್ಲ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಮೀನು ಮತ್ತು ಒಣಮೀನು ಮಾರಾಟವು ಆಹಾರ ವ್ಯಾಪಾರವೇ ಆಗಿರುವುದರಿಂದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2006ಕ್ಕೆ ಒಳಪಡುತ್ತದೆ. ಅಂಗಡಿ ತೆರೆಯುವವರು ಚಳ್ಳಕೆರೆಯಲ್ಲಿ ನಗರಸಭೆಯಿಂದ, ಮೊಳಕಾಲ್ಮೂರು ಮತ್ತು ನಾಯಕನಹಟ್ಟಿಗಳಲ್ಲಿ ಪಟ್ಟಣ ಪಂಚಾಯಿತಿಯಿಂದ ಉದ್ದಿಮೆ ಪರವಾನಗಿ ಪಡೆಯಬೇಕಾಗುತ್ತದೆ. ಸಕಾಲ ವ್ಯಾಪ್ತಿಯ ಸೇವೆಗಳಲ್ಲಿ ಅರ್ಜಿ ಸಲ್ಲಿಸಿದ ಕೂಡಲೇ ಸ್ವೀಕೃತಿ ಸಂಖ್ಯೆಯನ್ನು ಕೇಳಿ ಪಡೆಯುವುದು. ಪ್ಲಾಸ್ಟಿಕ್ ಚೀಲದ ಬದಲು ಹಳೆಯ ಪತ್ರಿಕೆಯಲ್ಲಿ ಮೀನು ಸುತ್ತಿ ಕೊಡುವುದು ಸರಿಯಾದ ಪರ್ಯಾಯವಲ್ಲ. ಮುದ್ರಣದ ಶಾಯಿ ಆಹಾರಕ್ಕೆ ಸೇರಬಾರದೆಂಬ ಕಾರಣದಿಂದ ಆಹಾರ ಪ್ರಾಧಿಕಾರವೇ ಅದರ ವಿರುದ್ಧ ಸೂಚನೆ ನೀಡಿದೆ. ಮುತ್ತುಗದ ಎಲೆ, ಗ್ರಾಹಕರೇ ತರುವ ಪಾತ್ರೆ ಅಥವಾ ಬಟ್ಟೆಯ ಚೀಲದೊಳಗೆ ಇಡುವ ಡಬ್ಬಿ ಸೂಕ್ತ. ಮಣ್ಣಾಗುವ ಚೀಲ ಎಂದು ಮಾರುವವುಗಳಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಇದೆಯೇ ಎಂದು ನೋಡತಕ್ಕದ್ದು. ಅವೂ ಕಾರ್ಖಾನೆ ಮಟ್ಟದ ಬಿಸಿ ಮತ್ತು ತೇವವಿದ್ದಲ್ಲಿ ಮಾತ್ರ ಮಣ್ಣಾಗುವಂಥವು. ಒಣಗಿದ ಹಳ್ಳದಲ್ಲಿ ಬಿದ್ದರೆ ಉಳಿದವುಗಳಂತೆಯೇ ಬಿದ್ದಿರುತ್ತವೆ.

ಕರಾವಳಿಯಿಂದ ಮೀನು ತರಿಸುವವರು ಖಾಲಿಯಾದ ಥರ್ಮೋಕೋಲ್ ಪೆಟ್ಟಿಗೆಗಳನ್ನು ರಸ್ತೆ ಬದಿಗೆ ಎಸೆಯದೆ ಅದೇ ವಾಹನದಲ್ಲಿ ಮರಳಿ ಕಳುಹಿಸುವುದು ಅಥವಾ ಒಣಕಸವಾಗಿ ಪ್ರತ್ಯೇಕಿಸಿ ಕೊಡುವುದು. ಅವುಗಳನ್ನು ಸುಡುವುದು ನಿಷಿದ್ಧ. ಮೀನು ಸಾಕಣೆಗೆ 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ಸಾಮಾನ್ಯ ವರ್ಗಕ್ಕೆ ಶೇಕಡ 40, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಮಹಿಳೆಯರಿಗೆ ಶೇಕಡ 60ರಷ್ಟು ಸಹಾಯಧನ ನಿಗದಿಯಾಗಿತ್ತು. ಹಾಲಿ ಸಾಲಿನಲ್ಲಿ ಲಭ್ಯವಿರುವ ಘಟಕಗಳ ವಿವರವನ್ನು ತಾಲ್ಲೂಕು ಮಟ್ಟದ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ ಅರ್ಜಿ ಸಲ್ಲಿಸಬಹುದು. ಕೆರೆಯ ಅಂಗಳದಲ್ಲಿ ಅಥವಾ ನೀರು ಬರುವ ಹಳ್ಳದಲ್ಲಿ ಕಸ ಸುರಿಯುತ್ತಿರುವುದು ಕಂಡುಬಂದಲ್ಲಿ ಸ್ಥಳ, ದಿನಾಂಕ ಮತ್ತು ಸಾಧ್ಯವಾದರೆ ಛಾಯಾಚಿತ್ರದೊಂದಿಗೆ ಸಂಬಂಧಪಟ್ಟ ಗ್ರಾಮ ಪಂಚಾಯಿತಿ, ಪಟ್ಟಣ ಪಂಚಾಯಿತಿ ಅಥವಾ ನಗರಸಭೆಗೆ ಲಿಖಿತ ದೂರು ಸಲ್ಲಿಸಿ, ದೂರಿನ ಪ್ರತಿಯ ಮೇಲೆ ಕಚೇರಿಯ ಮೊಹರು ಮತ್ತು ಸ್ವೀಕೃತಿ ಪಡೆದುಕೊಳ್ಳುವುದು.